ಶಿಲ್ಪಳ ಕಾಲುಗಳಿಗೆ ಶಾಶ್ವತ ವಿನಾಯಿತಿ

ಶಾಲಾ ಮಕ್ಕಳ ಆಟೋಟಗಳ ಉಸ್ತುವಾರಿ ಅಧಿಕಾರಿಗಳೇ,

ಮೊಳಕಾಲ್ಮೂರು ರಸ್ತೆಯ ನಮ್ಮೂರ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿರುವ ಶಿಲ್ಪಳನ್ನು ತಾವು ಆಟದ ಮೈದಾನದಿಂದ ಹೊರಗಿಟ್ಟಿದ್ದೀರಿ. 2007ರ ಜೂನ್‌ನಲ್ಲಿ ತಮ್ಮ ಸಹಿಯೊಂದಿಗೆ ಬಂದ ಆದೇಶದಲ್ಲಿ, "ಮಗುವಿನ ಹಿತದೃಷ್ಟಿಯಿಂದ ಎಲ್ಲ ದೈಹಿಕ ಚಟುವಟಿಕೆಗಳಿಂದ ಶಾಶ್ವತ ವಿನಾಯಿತಿ" ಎಂದಿದೆ. ಶಾಶ್ವತ! ಈ ಸೀಮೆಯಲ್ಲಿ ಅರವತ್ತೆಂಟು ವರ್ಷ ಬಾಳಿದ್ದೇನೆ. ಶಾಶ್ವತ ರಸ್ತೆ ಕಂಡಿಲ್ಲ, ಶಾಶ್ವತ ಕುಡಿಯುವ ನೀರು ಕಂಡಿಲ್ಲ. ಶಾಶ್ವತವಾದ ಒಂದನ್ನು ಕೊನೆಗೂ ಮಂಜೂರು ಮಾಡಿದಿರಿ, ಅದೂ ಹದಿಮೂರರ ಹುಡುಗಿಗೆ.

ಶಿಲ್ಪಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಬೆಂಗಳೂರಿನಲ್ಲಿ ಎರಡೂವರೆ ವರ್ಷ ಚಿಕಿತ್ಸೆ ನಡೆಯಿತು. ರೋಗ ಹಿಮ್ಮೆಟ್ಟಿತು, ಆದರೆ ಔಷಧಿಗಳು ಕಾಲಿನ ಕಸುವನ್ನೂ ಹೀರಿದವು. ಅಲ್ಲಿನ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಕನ್ನಡದಲ್ಲಿ ಓದಿ ಹೇಳಿದವನು ನಾನೇ. ದಿನವೂ ನಡೆಯಲಿ, ಆಡಲಿ, ಸ್ವಲ್ಪಸ್ವಲ್ಪವೇ ಹೆಚ್ಚಿಸಲಿ; ಸುಸ್ತಾದರೆ ಕೂರಲಿ; ಜ್ವರ ಬಂದ ದಿನ ಬೇಡ. ಇದರಲ್ಲಿ ತಮಗೆ ಅರ್ಥವಾಗದ್ದು ಯಾವುದು? ಅವಳ ಅಜ್ಜಿ ತಿಪ್ಪೇರುದ್ರಮ್ಮ ಕುರಿ ಕಾಯುವಾಕೆ, ಅಕ್ಷರ ಬಾರದು. "ಅಷ್ಟೇನಾ ಸಾಮಿ? ಕಾಲ್ ಸೋತಿರೋ ಮರೀನ ನಾವೂ ದಿನಾ ಎಬ್ಸಿ ನಡುಸ್ತೀವಿ" ಎಂದರು. ಮರುದಿನದಿಂದ ಮೊಮ್ಮಗಳು ಬೆಳಿಗ್ಗೆ ಕುರಿಗಳ ಹಿಂದೆ ಕೆರೆ ಏರಿಯವರೆಗೆ ನಡೆಯುತ್ತಾಳೆ.

ಶಾಲೆಯಲ್ಲಿ ಮಾತ್ರ ತಮ್ಮ ಆದೇಶ ಹಿಡಿದ ಡ್ರಿಲ್ ಮೇಷ್ಟ್ರು, "ನಿಂಗ್ಯಾಕವ್ವ ಓಟ? ಕುಂತ್ಕಂಡು ಎಲ್ರು ಚಪ್ಲಿ ನೋಡ್ಕ" ಎನ್ನುತ್ತಾರೆ. ಕ್ಯಾನ್ಸರನ್ನು ಗೆದ್ದು ಬಂದವಳಿಗೆ ಚಪ್ಪಲಿ ಕಾಯುವ ಹುದ್ದೆ! 1951ರಲ್ಲಿ ನನ್ನ ಅಕ್ಕ ಅನ್ನಪೂರ್ಣಮ್ಮನನ್ನೂ ಹೀಗೆಯೇ ಕೂರಿಸಿದ್ದರು. ವಯಸ್ಸಿಗೆ ಬಂದವಳು ಓಡಬಾರದು, ಅವಳ ಹಿತಕ್ಕೇ ಎಂದಿದ್ದರು. ಅಕ್ಕನಿಗೆ ಯಾವ ರೋಗವೂ ಇರಲಿಲ್ಲ.

ಮೊನ್ನೆ ಡಿಸೆಂಬರ್‌ನಲ್ಲಿ ತಾವು ತಪಾಸಣೆಗೆ ಬಂದಿರಿ. ಮಕ್ಕಳೆಲ್ಲ ಕವಾಯತಿಗೆ ಸಾಲಾಗಿ ನಿಂತಿದ್ದರು. ಕೈಗೆ ಸಿಕ್ಕವಳು ವಿನಾಯಿತಿಯವಳೊಬ್ಬಳೇ. "ಶಿಲ್ಪ, ಕುರ್ಚಿ ತಾರವ್ವ!" ಎಂದರು ಮೇಷ್ಟ್ರು. ನಾಲ್ಕು ಕಬ್ಬಿಣದ ಕುರ್ಚಿ ಹೊತ್ತಳು. "ಶಿಲ್ಪ, ಓಡು, ಸಾಹೇಬ್ರಿಗೆ ಟೀ!" ಬಸ್ ಸ್ಟಾಂಡಿನ ಹೋಟೆಲಿಗೆ ಓಡಿದಳು. ಸಕ್ಕರೆ ಕಡಿಮೆ ಎಂದು ತಾವೇ ಮತ್ತೊಮ್ಮೆ ಓಡಿಸಿದಿರಿ. ಮೈದಾನದಲ್ಲಿ ಓಡಿದರೆ ಅಪಾಯ, ತಮ್ಮ ಟೀಗೆ ಓಡಿದರೆ ಕ್ಷೇಮ. ಈ ವೈದ್ಯಶಾಸ್ತ್ರವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?

ಊರ ಹಿರಿಯನೆಂದು ನನ್ನನ್ನೂ ಕರೆದಿದ್ದರು. ಅವಳು ಹೊತ್ತು ತಂದ ಕುರ್ಚಿಯೊಂದರಲ್ಲಿ ನಾನೂ ಬಾಯಿಮುಚ್ಚಿ ಕುಳಿತಿದ್ದೆ. ಟೀ ಕೊಡಲು ಬಂದಾಗ ಮೆಲ್ಲಗೆ "ಸುಸ್ತಾಯ್ತೇನವ್ವ?" ಎಂದೆ. ಏದುಸಿರು ಬಿಡುತ್ತಲೇ ನಕ್ಕಳು.

"ಇಲ್ಲ ತಾತ. ಇನ್ನೊಂದ್ಸಲ ಟೀ ಬೇಕೇನಂತ ಕೇಳ್ರಿ. ಇವತ್ತೊಂದಿನಾನೇ ನನ್ನ ಓಡು ಅಂದಿರಾದು."

ಆ ಟೀಯನ್ನು ನಾನು ಕುಡಿಯದೆ ಕುರ್ಚಿಯ ಕೆಳಗಿಟ್ಟೆ. ತಾವು ಪೂರ್ತಿ ಕುಡಿದಿರಿ, ನೋಡಿದೆ.

ಬರುವ ಶನಿವಾರದ ಡ್ರಿಲ್ಲಿಗೆ ಮುಂಚೆ ಆ ಆದೇಶವನ್ನು ರದ್ದು ಮಾಡಿ. ಡಾಕ್ಟರ ಚೀಟಿಯ ಒಂದು ಪ್ರತಿ ಡ್ರಿಲ್ ಮೇಷ್ಟ್ರ ಮೇಜಿನ ಮೇಲಿರಲಿ. ಅವಳಿಗೆ ಬಹುಮಾನ ಬೇಡ, ಸನ್ಮಾನದ ಶಾಲು ಬೇಡ. ಖೊಖೊ ಸಾಲಿನಲ್ಲಿ ಒಂದು ಜಾಗ ಬೇಕು. ಮೊದಲ ನಿಮಿಷದಲ್ಲೇ ಔಟಾಗಲಿ, ಗೆಳತಿಯರು ಹೋ ಎಂದು ರೇಗಿಸಲಿ. ಅವಳು ಸಿಟ್ಟಾಗಿ ಮತ್ತೆ ಎದ್ದು ಓಡಲಿ.

ಇಂತಿ,
ದಿನಾ ನಡೆಯಿರಿ ಎಂದು ಡಾಕ್ಟರು ಬೈದರೂ ಕುಳಿತಲ್ಲೇ ಕುಳಿತು ಪತ್ರ ಬರೆಯುವ,
ಹಾಗೆ ಕೂರಲು ಯಾವ ಆದೇಶವೂ ಬೇಕಾಗಿಲ್ಲದ
ಒಬ್ಬ ನಿವೃತ್ತ ಗ್ರಂಥಪಾಲಕ