ಬಟ್ಟಲಿನ ಊಟ

ಟಿನ್ ಫ್ಯಾಕ್ಟರಿ ಬಸ್‌ಸ್ಟಾಪು, ೨೦೦೯

ಅಮ್ಮಾ,

ಹೊರಮಾವಿನ ಬಸ್ಸು ಬಂದರೂ ಹತ್ತಲಾಗಲಿಲ್ಲ. ಇಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ನೀನು ತೀರಿಹೋಗುವ ಮುಂಚೆ ನಮ್ಮ ಲ್ಯಾಬಿಗೆ ಕೊಟ್ಟ ನಿನ್ನ ಕ್ಯಾನ್ಸರ್ ಗಡ್ಡೆಯ ಕೋಶಗಳು ಇಷ್ಟು ದಿನವೂ ಬಟ್ಟಲಲ್ಲಿ ಬೆಳೆಯುತ್ತಲೇ ಇದ್ದವು. ಹಬ್ಬದ ದಿನವೂ ಹೋಗಿ ಅವಕ್ಕೆ ಗುಲಾಬಿ ಬಣ್ಣದ ದ್ರವದ ಊಟ ಹಾಕಿದವಳು ನಾನೇ. ಆಸ್ಪತ್ರೆಯಲ್ಲಿ ನಿನಗೆ ಗಂಜಿ ಕುಡಿಸಿದ್ದು ನರ್ಸು.

ಪ್ರೋಟೀನು ಮಾಡದ, ಕೆಲಸಕ್ಕೆ ಬಾರದ್ದೆಂದು ನಾವೆಲ್ಲ ಕಡೆಗಣಿಸಿದ್ದ ಉದ್ದನೆಯ ಆರ್‌ಎನ್‌ಎ ಒಂದನ್ನು ಮೊನ್ನೆ ಅವುಗಳಲ್ಲಿ ತಡೆದೆವು. ಇವತ್ತು ನೋಡಿದರೆ, ಒಂದು ಕೋಶ ಎರಡಾಗಲಾರದೆ, ಎಲ್ಲವೂ ಅರ್ಧಕ್ಕೇ ನಿಂತು ಸತ್ತಿವೆ!

"ಒಂದೂ ಉಳಿದಿಲ್ಲ ಕಣೇ, ಗೆದ್ಬಿಟ್ವಿ!" ಎಂದು ಜೊತೆಗೆ ಕೆಲಸ ಮಾಡುವ ಹಂಸ ಕುಣಿದಳು. ನಾನೂ ಚಪ್ಪಾಳೆ ತಟ್ಟಿದೆ.

ಎಲ್ಲರೂ ಟೀಗೆ ಹೋದ ಮೇಲೆ ಆ ಬಟ್ಟಲಿಗೇ ಮತ್ತೆ ಊಟ ಹಾಕಿದೆ.