ಅಂಜನದ ಕಲ್ಲು ಎಳೆದ ಗೆರೆ

ತುರ್ಭೆ, ನವಿ ಮುಂಬಯಿ
೧೪ ಜನವರಿ ೨೦೨೫

ಪ್ರೀತಿಯ ಮಗಳು ಚಂಪಾ,

ನಿನ್ನ ಸೊಂಟನೋವು ಕಡಿಮೆಯಾಯಿತೇ? ಕೂಸು ಹಾಲು ಸರಿಯಾಗಿ ಕುಡಿಯುತ್ತದೆಯೇ? ವಿಜಯಪುರದಲ್ಲಿ ಈಗ ಚಳಿ ಹೆಚ್ಚು, ತಲೆಗೆ ಕುಂಚಿಗೆ ಕಟ್ಟದೆ ಹೊರಗೆ ತರಬೇಡ. ನಾವಿಲ್ಲಿ ಆರಾಮ. ನಿನ್ನ ಅಣ್ಣ ಅಂಬರೀಶ ವಾಶಿ ಮಾರುಕಟ್ಟೆಗೆ ಈರುಳ್ಳಿ ಚೀಲ ಹೊರಲು ಹೋಗುತ್ತಾನೆ. ಕೂಸಿಗೆಂದು ಗಿಲಕಿ ತಂದಿಟ್ಟಿದ್ದಾನೆ, ಕೊಡುವ ಮೊದಲೇ ತಾನೇ ದಿನಾ ಅಲ್ಲಾಡಿಸಿ ಸವೆಸುತ್ತಿದ್ದಾನೆ, ಮೂವತ್ತೆರಡರ ಗಂಡಸು!

ಭಾನುವಾರ ಫೋನಿನಲ್ಲಿ ಕೂಸಿನ ಕಣ್ಣಿಗೆ ಅಂಜನದ ಕಲ್ಲು ತೇಯ್ದು ಹಚ್ಚಬೇಡ ಎಂದಾಗ ನೀನು ನಕ್ಕುಬಿಟ್ಟೆ. "ನನಗೂ ಹಚ್ಚೇ ಬೆಳಸೀದಿ ಅಲ್ಲೇನವ್ವಾ, ನನಗೇನಾಗೇತಿ? ಬಾರಾವಿ ಪರೀಕ್ಷೆ ಪಾಸಾಗಿಲ್ಲೇನು?" ಎಂದೆ. ನಾನು ಮಾತು ಬದಲಿಸಿ ಫೋನು ಇಟ್ಟೆ. ಅಂಬರೀಶ ಎದುರಿಗೇ ಕುಳಿತು ಉಣ್ಣುತ್ತಿದ್ದ. ಅದಕ್ಕೇ ಈ ಕಾಗದ.

ಕಲ್ಲುಪುಡಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಲ್ಲು ಆರಿಸಿದವಳು ನಾನು. ಮೇಲಿನ ಬಣ್ಣ ನೋಡಿ ಆರಿಸಿದರೆ ಕೆಟ್ಟಂತೆ. ಎರಡು ಕರಿಕಲ್ಲು ಒಂದೇ ಥರ ಕಾಣುತ್ತವೆ, ಆದರೆ ಟೈಲ್ಸಿನ ಒರಟು ಬೆನ್ನಿಗೆ ತಿಕ್ಕಿದರೆ ಒಂದರ ಗೆರೆ ಕೆಮ್ಮಣ್ಣಿನ ಬಣ್ಣ, ಇನ್ನೊಂದರದು ಕಪ್ಪು. ಬಂಗಾರದಂತೆ ಹೊಳೆಯುವ ಕಲ್ಲಿನ ಗೆರೆ ಹಸಿರುಗಪ್ಪು. ಹೊಸದಾಗಿ ಬಂದ ಹೆಂಗಸರು ಅದನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ ನಗೆಪಾಟಲಾಗುತ್ತಿದ್ದರು. ಬೂದುಗಪ್ಪು ಗೆರೆ ಬಿದ್ದು, ಕೈಗೆ ಭಾರವೆನಿಸಿ, ಒಡೆದಲ್ಲಿ ಚೌಕಚೌಕವಾಗಿ ಹೊಳೆದರೆ ಅದು ಸೀಸದ ಕಲ್ಲು. ಅದನ್ನು ಮುಟ್ಟಿದ ದಿನ ನಮ್ಮ ಕೆಲಸದ ಮೇಸ್ತ್ರಿ, ಮುಕಾದಮ ಮನೀಶಭಾವು ಸೋಪು ಹಚ್ಚಿ ಕೈ ತೊಳೆಯದೆ ರೊಟ್ಟಿಯ ಗಂಟು ಬಿಚ್ಚಲು ಬಿಡುತ್ತಿರಲಿಲ್ಲ.

ಅಂಥ ನಾನು ಮನೆಯ ಅಂಜನದ ಕಲ್ಲನ್ನು ಒಮ್ಮೆಯೂ ತಿಕ್ಕಿ ನೋಡಲಿಲ್ಲ. ನಿನ್ನ ಅಜ್ಜಿ ಶರಣಬಸಮ್ಮ ಅದನ್ನು ಜಗಲಿಯ ಮೇಲೆ ದೇವರ ಜೊತೆ ಇಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ದೇವರ ಜೊತೆಗೇ ನಮ್ಮ ಮನೆಗೆ ಬಂತು. ಪೂಜೆಗೆ ಇಟ್ಟದ್ದನ್ನು ಪರೀಕ್ಷೆ ಮಾಡುವುದುಂಟೇ? ನೀನು ಕೂಸನ್ನು ಕರೆದುಕೊಂಡು ಹೊರಟಾಗ ಅದರ ಎರಡು ತುಂಡುಗಳಲ್ಲಿ ಒಂದನ್ನು ನಾನೇ ತೊಟ್ಟಿಲ ಬಟ್ಟೆಯಲ್ಲಿ ಕಟ್ಟಿಕೊಟ್ಟೆ. ಹೋದ ವಾರ ಜಗಲಿ ಒರೆಸುವಾಗ ಉಳಿದ ತುಂಡು ಜಾರಿ ಬಿದ್ದು ಒಡೆಯಿತು. ಒಳಗೆಲ್ಲ ಚೌಕಚೌಕ ಹೊಳಪು. ಚೂರುಗಳನ್ನು ಕಾಗದದಲ್ಲಿ ಸುತ್ತಿದೆ. ಮನೀಶಭಾವು ಅವರ ಮನೆಗೆ ಒಯ್ದೆ. ಒಂದೇ ಗೆರೆ ಎಳೆದು, "ಸುಲೋಚನಾಬಾಯಿ, ಹೇ ತರ್ ಶಿಸಂ ಆಹೆ" ಎಂದರು. ಸೀಸ. ಎಲ್ಲಿಂದ ತಂದೆ ಎಂದು ಕೇಳಿದರು. ದೇವರ ಜಗಲಿಯಿಂದ ಎನ್ನಲು ನನಗೆ ನಾಚಿಕೆಯಾಯಿತು. ಅದು ಚಿಕ್ಕ ಮಕ್ಕಳ ಬುದ್ಧಿಗೇ ಕುತ್ತು ಎಂದು, ಮರುದಿನ ಹೋಗಿ ಕೇಳಿದಾಗ, ದವಾಖಾನೆಯ ಡಾಕ್ಟರಮ್ಮ ಹೇಳಿದರು.

ನಿನ್ನ ಅತ್ತೆ-ಮಾವನವರಿಗೆ ನನ್ನ ಶರಣು ತಿಳಿಸು. ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು. ದೇವರು ಅದನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಸುಲೋಚನಾ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದೆ. ನೀನು ಕೇಳಿದ್ದಕ್ಕೆ ಉತ್ತರ ಬರೆದೇ ಇರಲಿಲ್ಲ. ನಿನ್ನ ಕಣ್ಣಿಗೆ ಆ ಕಲ್ಲು ಯಾವತ್ತೂ ಹಚ್ಚಿಲ್ಲ. ಅಂಬರೀಶ ಹುಟ್ಟಿದಾಗ ತಂದಿದ್ದ ಅದನ್ನು ನೀನು ಹುಟ್ಟುವ ಮೊದಲೇ ಅಜ್ಜಿ ತೆಗೆದುಕೊಂಡು ಊರಿಗೆ ಹೋಗಿದ್ದಳು. ಅಂಬರೀಶನಿಗೆ ಮಾತ್ರ ಎರಡು ವರ್ಷ, ದಿನಾ ಹರಳೆಣ್ಣೆಯಲ್ಲಿ ತೇಯ್ದು, ನನ್ನ ಬೆರಳಿನಿಂದಲೇ ಹಚ್ಚಿದೆ. ಒಂದನೇ ಇಯತ್ತೆಯಲ್ಲಿ ನಾಲ್ಕು ವರ್ಷ ಕೂತರೂ ಅವನಿಗೆ ತನ್ನ ಹೆಸರು ಬರೆಯಲು ಬರಲಿಲ್ಲ. ದಡ್ಡ ಎಂದು ನಾನೇ ಹೊಡೆದೆ. ಅದರಿಂದಲೇ ಹೀಗಾಯಿತೆಂದು ಈಗ ಯಾರೂ ಹೇಳಲಾರರಂತೆ. ಈ ಕಾಗದ ಕೈಗೆ ಬಂದ ದಿನವೇ ಕೂಸಿನ ರಕ್ತ ಪರೀಕ್ಷೆ ಮಾಡಿಸು. ಅಣ್ಣನಿಗೆ ಫೋನಿನಲ್ಲಿ ಏನೂ ಹೇಳಬೇಡ. ಅವನಿಗೆ ನಾನೇ ಹೇಳಬೇಕು.