ಜಿಯಾಲಜಿ ಕೇಳಿದವಳಿಗೆ ಬಿಕಾಂ ಕೊಟ್ಟವರಿಗೆ

ಮಾನ್ಯ ಪ್ರಾಂಶುಪಾಲರೇ,

ನಾನು ಕೇಳಿದ್ದು ಬಿಎಸ್ಸಿಯಲ್ಲಿ ಭೂವಿಜ್ಞಾನ, ಅಂದರೆ ಜಿಯಾಲಜಿ. ನೀವು ಕೊಟ್ಟಿದ್ದು ಬಿಕಾಂ. ಖಾನಾವಳಿಯಲ್ಲಿ ರೊಟ್ಟಿ ಕೇಳಿದವರಿಗೆ ಅನ್ನ ಬಡಿಸಿದರೆ ತಾಟು ವಾಪಸು ಕಳಿಸಬಹುದು. ನೀವು ಬಡಿಸಿದ್ದನ್ನು ನಾನು ಒಂದು ವರ್ಷದಿಂದ ನುಂಗುತ್ತಿದ್ದೇನೆ, ಇನ್ನೂ ಗಂಟಲಿಳಿದಿಲ್ಲ. ‘ನನ್ನ ಕೋಣೆಗೇ ಬಂದು ಹೇಳಬಹುದಿತ್ತಲ್ಲ’ ಎನ್ನುತ್ತೀರಿ. ಬಂದಿದ್ದೆ. ಬಂದಾಗಲೆಲ್ಲ ‘ನೋಡೋಣ’ ಎಂದಿರಿ. ಈಗ ಜಿಲ್ಲೆಯೆಲ್ಲ ನೋಡಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನನ್ನ ಅಪ್ಪ ಹುಲಗಪ್ಪ ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ಕೂಲಿ. ಚಿಕ್ಕವಳಿದ್ದಾಗ ಅವನಿಗೆ ಬುತ್ತಿ ಒಯ್ದರೆ ಪ್ರಶ್ನೆ ಕೇಳಿ ತಲೆ ತಿನ್ನುತ್ತಿದ್ದೆ. ಈ ಕಲ್ಲೇಕೆ ಕೆಂಪು? ಆನೆಗೊಂದಿಯ ಗುಡ್ಡದ ಮೇಲೆ ಅಷ್ಟು ದೊಡ್ಡ ಗುಂಡುಗಳು ಹೇಗೆ ಬಂದು ಕೂತವು? ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿರುವವರನ್ನು ಹುಡುಕಿಕೊಂಡೇ ನಾನು ಪಿಯುಸಿ ವಿಜ್ಞಾನ ಪಾಸಾಗಿ ನಿಮ್ಮ ಕಾಲೇಜಿಗೆ ಬಂದೆ. ಮನೆಯಲ್ಲಿ ಎಲ್ಲರೂ ನರ್ಸಿಂಗ್ ಎಂದು ಹಟ ಹಿಡಿದಿದ್ದರು. ಕೊನೆಗೆ ನನ್ನ ಅಜ್ಜಿ ಮುದಕಮ್ಮ, ಜಿಯಾಲಜಿ ಓದಿಸಲೇ ಎಂದು ಊರ ದೇವಿಯ ಗುಡಿಯಲ್ಲಿ ಹೂ ಕೇಳಿದಳು. ಬಲಗಡೆಯ ಹೂವೇ ಬಿತ್ತು. ದೇವಿ ಒಪ್ಪಿದಳು, ಅಜ್ಜಿ ಒಪ್ಪಿದಳು. ದೇವಿಗಿಂತ ದೊಡ್ಡವರು ನೀವೊಬ್ಬರು ಇದ್ದೀರಿ ಎಂಬುದು ನಮ್ಮ ಮನೆಯವರಿಗೆ ತಿಳಿದಿರಲಿಲ್ಲ.

ಪ್ರವೇಶದ ದಿನ ಅಪ್ಪನೂ ಜೊತೆಗೆ ಬಂದಿದ್ದ. ನಿಮ್ಮ ಎದುರಿನ ಕುರ್ಚಿಗಳು ಖಾಲಿಯಿದ್ದವು, ನೀವು ಕೂಡಲು ಹೇಳಲಿಲ್ಲ. ನನ್ನ ಅರ್ಜಿ ನೋಡಿ ನಕ್ಕಿರಿ.

“ನಿಮ್ಮಪ್ಪ ಕಲ್ಲು ಒಡದಿದ್ದು ಸಾಲದಂತ ನೀನೂ ಕಲ್ಲಿನ ಬೆನ್ನ ಹತ್ತೀಯೇನ? ಬಿಕಾಂ ತಗೊ. ನೆಳ್ಳಾಗ ಕುಂತು ದುಡೀತಿ.”

ಹಾಗೆಂದವರೇ ನಾನು ಬರೆದಿದ್ದಕ್ಕೆ ಗೀಟು ಹಾಕಿ, ನಿಮ್ಮ ಕೈಯಿಂದಲೇ ಬಿಕಾಂ ಎಂದು ಬರೆದಿರಿ. ಅಪ್ಪ ‘ಹೂಂನ್ರಿ ಸರ’ ಎಂದು ಕೈಮುಗಿದ. ವಾಪಸು ಹೋಗುವಾಗ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ ಕೇಳಿದ: “ನಾ ಕಲ್ಲು ಒಡೀತೀನಂತ ನಿನಗ ಕಲ್ಲು ಓದಾಕ ಬಿಡಲಿಲ್ಲೇನವಾ?” ನನ್ನ ವಿಷಯ ಕಿತ್ತುಕೊಂಡಿದ್ದನ್ನು ಒಂದು ವೇಳೆ ಮರೆತೇನು. ಈ ಮಾತನ್ನು ಅಪ್ಪನ ಬಾಯಿಂದ ಹೊರಡಿಸಿದ್ದಕ್ಕೆ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ.

ಆಮೇಲೆ ತಿಳಿಯಿತು, ಗಂಗಾವತಿಯ ಮುಬಾಶಿರಾ ಕೂಡ ಜಿಯಾಲಜಿಯನ್ನೇ ಕೇಳಿದ್ದಳು. ಹುಡುಗಿಯರು ಗುಡ್ಡ ಹತ್ತುವುದು ಚಂದವಲ್ಲ ಎಂದು ಅವಳನ್ನು ಬಿಎಗೆ ಅಟ್ಟಿದಿರಿ. ಹೀಗೆ ಒಬ್ಬೊಬ್ಬರನ್ನೇ ಬೇರೆ ಕಡೆ ತಿರುಗಿಸಿ, ಕಡೆಗೆ ‘ವಿದ್ಯಾರ್ಥಿಗಳಿಂದ ಬೇಡಿಕೆಯಿಲ್ಲ’ ಎಂದು ಮೇಲಕ್ಕೆ ವರದಿ ಕಳಿಸಿ ವಿಭಾಗಕ್ಕೆ ಬೀಗ ಹಾಕಿದಿರಿ. ಕಲಿಸುತ್ತಿದ್ದ ಮೇಡಂ ವರ್ಗವಾಗಿ ಹೋದರು. ಬಂದ ಗಿರಾಕಿಯನ್ನು ಬಾಗಿಲಲ್ಲೇ ಬೈದು ಕಳಿಸಿ, ವ್ಯಾಪಾರವೇ ಇಲ್ಲ ಎಂದು ಗೋಳಾಡುವುದು ಯಾವ ಲೆಕ್ಕ? ನಮ್ಮ ಬಿಕಾಂನಲ್ಲಿ ಆ ಪಾಠ ಇನ್ನೂ ಬಂದಿಲ್ಲ.

ಕಾಲೇಜಿಗೆ ದರ್ಜೆ ಕೊಡುವ ಮೌಲ್ಯಮಾಪನ ಸಮಿತಿ ಈ ತಿಂಗಳು ಬರುತ್ತದೆಂದು ಶೃಂಗಾರ ಶುರುವಾಯಿತು. ಗೇಟಿನ ಒಳಗೆ ಹೊಸ ಹೂದೋಟ, ಪಾತಿಯ ಸುತ್ತ ಕಲ್ಲಿನ ಸಾಲು, ಒಂದಕ್ಕೆ ಕೆಂಪು ಬಣ್ಣ, ಇನ್ನೊಂದಕ್ಕೆ ಬಿಳಿ. ಇಷ್ಟು ಕಲ್ಲು ಎಲ್ಲಿಂದ ತಂದಿರಿ ಎಂದು ತೋಟ ನೋಡಿಕೊಳ್ಳುವ ಯಂಕೋಬಣ್ಣನನ್ನು ಕೇಳಿದೆ. ಬೀಗ ಹಾಕಿದ ಕೋಣೆಯಲ್ಲಿ ಸುಮ್ಮನೆ ಬಿದ್ದಿದ್ದವಂತೆ, ಬಣ್ಣ ಹಚ್ಚಿ ಪಾತಿಗೆ ಇಡು ಎಂದು ನೀವೇ ಹೇಳಿದಿರಂತೆ. ಸ್ವಾಮಿ, ಅವು ಆ ಮೇಡಂ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಳವಂಡಿ, ತಳಕಲ್, ಆನೆಗೊಂದಿ ಎಂದು ಬಿಸಿಲಲ್ಲಿ ತಿರುಗಿ ಆರಿಸಿ ತಂದ ಪಾಠದ ಕಲ್ಲುಗಳು. ಕಲ್ಲಿನ ಬಣ್ಣ ನೋಡಿಯೇ ಅದರ ಜಾತಕ ಓದಬೇಕಾದವರಿಗೆ ನೀವು ಆ ಬಣ್ಣವನ್ನೇ ಮುಚ್ಚಿಬಿಟ್ಟಿರಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಅಲ್ಲೇ ಪಾತಿಯ ಪಕ್ಕ ಕೂತು ಅತ್ತೆ. ಎದ್ದಾಗ ಅಳು ಹೋಗಿ ಸೇಡು ಬಂದಿತ್ತು. ಅದನ್ನು ಮುಚ್ಚಿಡುವ ಇರಾದೆ ನನಗಿಲ್ಲ.

ಸೇಡಿಗೆ ದಾರಿಯನ್ನೂ ನೀವೇ ಮಾಡಿಕೊಟ್ಟಿರಿ. ನಿನ್ನೆ ನನ್ನನ್ನು ಕರೆಸಿ, ಛಲೋ ಮಾತಾಡುತ್ತೀ, ಕೂಲಿಕಾರನ ಮಗಳೆಂದರೆ ಸಮಿತಿಯವರಿಗೂ ಹಿಡಿಸುತ್ತದೆ ಎಂದು, ವಿದ್ಯಾರ್ಥಿಗಳ ಪರವಾಗಿ ಮಾತಾಡಲು ನನ್ನನ್ನೇ ನೇಮಿಸಿದಿರಿ. ‘ನಮ್ಮ ಕಾಲೇಜಿನಲ್ಲಿ ಪ್ರತಿಯೊಬ್ಬರೂ ತಮಗೆ ಇಷ್ಟವಾದ ವಿಷಯವನ್ನೇ ಓದುತ್ತೇವೆ’ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಸಿದಿರಿ. ಹೇಳುವಾಗ ಮುಖದಲ್ಲಿ ನಗು ಇರಲಿ ಎಂದೂ ತಾಕೀತು ಮಾಡಿದಿರಿ.

ನಗುತ್ತೇನೆ, ಚಿಂತೆ ಬೇಡ. ಅದಕ್ಕೆ ಮೊದಲು ನೀವು ಮಾಡಬೇಕಾದದ್ದು ಇಷ್ಟು. ಆ ಕಲ್ಲುಗಳ ಬಣ್ಣ ತೆಗೆಸಿ ಕೋಣೆಗೆ ಸೇರಿಸಿ. ‘ಬೇಡಿಕೆಯಿತ್ತು, ನಾನೇ ಮುಚ್ಚಿಟ್ಟೆ’ ಎಂದು ಮೇಲಿನವರಿಗೆ ಬರೆದು ವಿಭಾಗ ತೆರೆಸಿ. ಮುಬಾಶಿರಾಳಿಗೂ ನನಗೂ ಈ ವರ್ಷವೇ ಅಲ್ಲಿ ಜಾಗ ಕೊಡಿ. ನನ್ನ ಅಪ್ಪನಿಗೆ ತಪ್ಪಾಯಿತು ಎನ್ನಿ. ಇದಾಗದಿದ್ದರೆ ಸಮಿತಿಯ ಮುಂದೆ ನೀವು ಕಲಿಸಿದ ವಾಕ್ಯ ಬಿಟ್ಟು ಈ ಪತ್ರವನ್ನು ಓದುತ್ತೇನೆ. ಮಾಡಿದ್ದುಣ್ಣೋ ಮಹಾರಾಯ.

ನನ್ನ ಬದಲು ಬೇರೆ ಯಾರನ್ನಾದರೂ ನಿಲ್ಲಿಸೋಣ ಎಂದು ನೀವು ಆಗಲೇ ಯೋಚಿಸುತ್ತಿರಬಹುದು. ಧಾರಾಳವಾಗಿ ನಿಲ್ಲಿಸಿ. ಆದರೆ ಆ ಹುಡುಗಿ ಏನು ಓದಬೇಕೆಂದು ನಿಮ್ಮ ಬಳಿ ಬಂದಿದ್ದಳು, ನೀವು ಅವಳಿಗೆ ಏನು ಕೊಟ್ಟು ಕಳಿಸಿದಿರಿ ಎಂಬುದನ್ನು ಮೊದಲು ನೆನಪು ಮಾಡಿಕೊಳ್ಳಿ.

ಇಂತಿ,
ನೀವೇ ಆರಿಸಿದ ವಿದ್ಯಾರ್ಥಿ ಪ್ರತಿನಿಧಿ,
ಒಲ್ಲದ ಬಿಕಾಂನ ಎರಡನೇ ವರ್ಷದ
ಅನ್ನಪೂರ್ಣ ಹುಲಗಪ್ಪ